ಗೆದ್ದವರನ್ನೇ ಎಷ್ಟು ಸಲ ಕೇಳುತ್ತೀರಿ?

ಅಮೆರಿಕದ ಕುಸ್ತಿಯವರ ಸಂದರ್ಶನ ಕಾರ್ಯಕ್ರಮಕ್ಕೆ ಯಾರನ್ನು ಕರೆಯಬೇಕು ಎಂದು ಯಾವ ಹುಡುಗನನ್ನಾದರೂ ಕೇಳಿ ನೋಡಿ. ಪಟ್ಟಿ ಬಾಯಿಪಾಠ! ರಾಕ್, ಅಂಡರ್‌ಟೇಕರ್, ಜಾನ್ ಸೀನಾ, ರೋಮನ್ ರೇನ್ಸ್. ಟ್ರಂಪ್ ಕಾರ್ಡ್ ಆಡುತ್ತ ಬೆಳೆದ ಇವರ ಅಣ್ಣಂದಿರ ಪಟ್ಟಿಯೂ ಹೆಚ್ಚು ಕಡಿಮೆ ಇದೇ. ದೊಡ್ಡವರೂ ಇದಕ್ಕೆ ಹೊರತಲ್ಲ. ಗೆದ್ದವನನ್ನು ಕರೆ, ಹಾರ ಹಾಕು, 'ಗೆದ್ದಾಗ ಹೇಗನ್ನಿಸಿತು?' ಎಂದು ಕೇಳು, ಚಹಾ ಕೊಟ್ಟು ಕಳಿಸು. ಈ ಪಟ್ಟಿ ನಮಗೆ ಬೇಡವೇ ಬೇಡ. ನಮ್ಮದು ಬೇರೆ ಪಟ್ಟಿ ಇದೆ, ಅದಕ್ಕಾಗಿ ಜಗಳಕ್ಕೂ ತಯಾರಿದ್ದೇವೆ.

ಜಗಳ ಯಾರ ಜೊತೆ? ಮೊದಲು ನಮ್ಮ ಸ್ಟಾಫ್ ರೂಮಿನವರ ಜೊತೆಗೇ. 'ಅದೆಲ್ಲ ಸುಳ್ಳು ಕುಸ್ತಿ ಕಣ್ರೀ, ಕನ್ನಡ ಪಿರಿಯಡ್‌ನಲ್ಲಿ ಅದರ ಮಾತು ಯಾಕೆ?' ಎನ್ನುವವರು ಪ್ರತಿ ಶಾಲೆಯಲ್ಲೂ ಇದ್ದಾರೆ. ಫಲಿತಾಂಶ ಮೊದಲೇ ನಿಶ್ಚಯವಾಗಿರುತ್ತದೆ, ಸರಿ. ಅದನ್ನು ಆ ಕಂಪನಿಯೇ 1989ರಲ್ಲಿ ನ್ಯೂಜೆರ್ಸಿಯ ಶಾಸಕರ ಮುಂದೆ ಹೇಳಿದೆ. ನಮ್ಮದು ಸ್ಪರ್ಧೆಯಲ್ಲ, ಮನರಂಜನೆ, ಆದ್ದರಿಂದ ಕ್ರೀಡಾ ಆಯೋಗದ ನಿಯಮ ನಮಗೆ ಬೇಡ ಎಂದಿತು. ಆದರೆ ಬೀಳುವುದು ಸುಳ್ಳಲ್ಲ. ರಿಂಗಿನ ಕೆಳಗಿರುವುದು ಉಕ್ಕಿನ ತೊಲೆ, ಮರದ ಹಲಗೆ, ಮೇಲೊಂದು ತೆಳು ಗಾದಿ. 1998ರ ಜೂನ್‌ನಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಮಿಕ್ ಫೋಲಿ ಸುಮಾರು 16 ಅಡಿ ಎತ್ತರದ ಪಂಜರದ ಮೇಲಿಂದ ಬಿದ್ದದ್ದು ಭೂಮಿಗೇ, ಸುಳ್ಳಿಗಲ್ಲ. 'ಸುಳ್ಳು' ಎಂದು ಹೇಳಿ ಬಾಯಿ ಮುಚ್ಚಿಸುವ ಮಾಸ್ತರೇ ಹೆಚ್ಚು ಅಪಾಯ ತರುತ್ತಾನೆ ಎಂಬುದು ನಮ್ಮ ವಾದ. ಸುಳ್ಳು ಎಂದರೆ ಪೆಟ್ಟಾಗುವುದಿಲ್ಲ ಎಂದು ಮಗು ತಿಳಿಯುತ್ತದೆ. ಪೆಟ್ಟಾಗುವುದಿಲ್ಲ ಎಂದು ತಿಳಿದ ಮಗು ಮಧ್ಯಾಹ್ನದ ಬಿಡುವಿನಲ್ಲಿ ಗೆಳೆಯನನ್ನು ತಲೆಕೆಳಗಾಗಿ ಎತ್ತುತ್ತದೆ.

(ಅಂದ ಹಾಗೆ ಈ ಫೋಲಿ 1999ರಲ್ಲಿ ಬಂದ ತನ್ನ ಆತ್ಮಕಥೆಯನ್ನು ಬೇರೆಯವರಿಂದ ಬರೆಸದೆ ನೋಟ್‌ಬುಕ್ಕಿನಲ್ಲಿ ತಾನೇ ಕೈಯಾರೆ ಬರೆದ. ಶುದ್ಧಲೇಖನ ಎಂದರೆ ಮುಖ ಸಿಂಡರಿಸುವ ನಮ್ಮ ಪೈಲ್ವಾನರಿಗೆ ಇದನ್ನು ಹೇಳಿದಾಗ ಒಂದು ನಿಮಿಷ ಮೌನವಿತ್ತು!)

ಎರಡನೇ ಜಗಳ ಸಂದರ್ಶನ ನಡೆಸುವವರ ಜೊತೆ. ಈ ದಂಧೆಯಲ್ಲಿ ಸಂದರ್ಶನ ಯಾವತ್ತೂ ಬರೀ ಸಂದರ್ಶನವಾಗಿರಲಿಲ್ಲ. 1984ರಲ್ಲಿ ರೌಡಿ ಪೈಪರ್ ತನ್ನ 'ಪೈಪರ್ಸ್ ಪಿಟ್'ಗೆ ಜಿಮ್ಮಿ ಸ್ನೂಕಾನನ್ನು ಕರೆದ, ಮಾತಾಡುತ್ತಾಡುತ್ತ ತೆಂಗಿನಕಾಯಿ ತೆಗೆದು ಅವನ ತಲೆಗೇ ಒಡೆದ. ನಮ್ಮ ಜಾತ್ರೆ ಕುಸ್ತಿಯಲ್ಲಿ ಸಣ್ಣ ಹುಡುಗರಿಗೆ ರೇವಡಿ, ತೆಂಗಿನಕಾಯಿ ಇನಾಮು. ಅಲ್ಲಿ ತೆಂಗಿನಕಾಯಿಯೇ ಪ್ರಶ್ನೆ! ಪ್ರಶ್ನೆ ಕೇಳುತ್ತಿದ್ದದ್ದು ಉತ್ತರಕ್ಕಲ್ಲ, ಮುಂದಿನ ಹೊಡೆದಾಟದ ಟಿಕೆಟ್ ಮಾರಲಿಕ್ಕೆ. ಅದೇ ವರ್ಷದ ಕೊನೆಗೆ ಜಾನ್ ಸ್ಟಾಸೆಲ್ ಎಂಬ ಟಿವಿ ವರದಿಗಾರ ಡೇವಿಡ್ ಶುಲ್ಟ್ಸ್ ಎಂಬ ಪೈಲ್ವಾನನಿಗೆ 'ಇದೆಲ್ಲ ಸುಳ್ಳು ಅನ್ನಿಸುತ್ತೆ' ಎಂದ. ಎರಡೂ ಕಿವಿಗೆ ಏಟು ಬಿತ್ತು. ನಿಜವಾದ ಏಟು. ಈ ಗುಟ್ಟು ಕಾಯುವ ಪದ್ಧತಿಗೆ ಅವರಲ್ಲಿ 'ಕೇಫೇಬ್' ಅನ್ನುತ್ತಾರೆ. ರಿಂಗಿನಲ್ಲಿ ಹಗೆಗಳಾದ ಐರನ್ ಶೇಖ್ ಮತ್ತು ಜಿಮ್ ಡಗನ್ 1987ರಲ್ಲಿ ಒಂದೇ ಕಾರಿನಲ್ಲಿ ಪೊಲೀಸರಿಗೆ ಸಿಕ್ಕಿಬಿದ್ದಾಗ ಕಂಪನಿಗೆ ಕಾರಿನಲ್ಲಿದ್ದ ಮಾದಕ ವಸ್ತುವಿನಷ್ಟೇ ಮುಜುಗರ ತಂದದ್ದು ಅವರಿಬ್ಬರ ಗೆಳೆತನ.

ಆ ಕಾಲ ಹೋಯಿತು, ಈಗ ಎಲ್ಲರೂ ಬಿಚ್ಚಿ ಮಾತಾಡುತ್ತಾರೆ ಎನ್ನುತ್ತೀರಾ? ಒಂದು ಮಟ್ಟಿಗೆ ನಿಜ. 2019ರ ನವೆಂಬರ್‌ನಲ್ಲಿ ಸ್ಟೋನ್ ಕೋಲ್ಡ್ ಸ್ಟೀವ್ ಆಸ್ಟಿನ್ 'ಬ್ರೋಕನ್ ಸ್ಕಲ್ ಸೆಷನ್ಸ್' ಶುರು ಮಾಡಿದ, ಮೊದಲ ಅತಿಥಿ ಅಂಡರ್‌ಟೇಕರ್. ಆಸ್ಟಿನ್ ಒಳ್ಳೆಯ ಕೇಳುಗ, ಅದನ್ನು ಅಲ್ಲಗಳೆಯುವುದಿಲ್ಲ. 1997ರಲ್ಲಿ ಕುತ್ತಿಗೆಗೆ ಪೆಟ್ಟು ತಿಂದು ಕ್ಷಣಕಾಲ ಕೈಕಾಲು ಆಡದೆ ಬಿದ್ದವನು, ನೋವಿನ ಪ್ರಶ್ನೆ ಕೇಳಲು ಅಧಿಕಾರವಿದ್ದವನು. 2021ರಲ್ಲಿ ಎದುರಾಳಿ ಕಂಪನಿಯ ಕ್ರಿಸ್ ಜೆರಿಕೋ ಕೂಡ ಅಲ್ಲಿ ಬಂದು ಕುಳಿತ. ಆದರೆ ಕುರ್ಚಿ ಯಾರದು? ಕ್ಯಾಮೆರಾ ಯಾರದು? ಕಂಪನಿಯದು. ಸಕ್ಕರೆ ಕಾರ್ಖಾನೆಯೇ ಕಬ್ಬು ಕಡಿಯುವವರ ಸಂದರ್ಶನ ಮಾಡಿ ತೋರಿಸಿದರೆ ಅದರಲ್ಲಿ ಕೂಲಿಯ ಮಾತು ಎಷ್ಟು ಬಂದೀತು? ನೀವೇ ಹೇಳಿ.

ಕಂಪನಿಯ ಕುರ್ಚಿ ಬಿಟ್ಟು ಹೊರಗೆ ಕುಳಿತು ಮಾತಾಡಿದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ಇದೆ. 2014ರಲ್ಲಿ ಸಿ.ಎಂ. ಪಂಕ್ ತನ್ನ ಗೆಳೆಯ ಕೋಲ್ಟ್ ಕಬಾನಾನ ಪಾಡ್‌ಕಾಸ್ಟ್‌ನಲ್ಲಿ ಕಂಪನಿಯಲ್ಲಿ ತನಗೆ ಸಿಕ್ಕ ವೈದ್ಯೋಪಚಾರ ಸರಿಯಿರಲಿಲ್ಲ ಎಂದು ದೂರಿದ. ಕಂಪನಿಯ ವೈದ್ಯರು ಮಾನನಷ್ಟದ ದಾವೆ ಹೂಡಿದರು. ಮಾತಾಡಿದವನ ಮೇಲಷ್ಟೇ ಅಲ್ಲ, ಕೇಳಿಸಿಕೊಂಡವನ ಮೇಲೂ! 2018ರಲ್ಲಿ ಷಿಕಾಗೋದ ಜ್ಯೂರಿ ಇಬ್ಬರ ಪರವಾಗಿ ತೀರ್ಪು ಕೊಟ್ಟಿತು. ಅಷ್ಟರಲ್ಲಿ ಮೂರೂವರೆ ವರ್ಷ ಕಳೆದಿತ್ತು, ಆಮೇಲೆ ವಕೀಲರ ಖರ್ಚಿಗಾಗಿ ಗೆಳೆಯರಿಬ್ಬರೇ ಕೋರ್ಟು ಹತ್ತಿದರು, ಅದು ಬೇರೆ ಕಥೆ.

ಇರಲಿ, ನಮ್ಮ ಪಟ್ಟಿಗೆ ಬರೋಣ.

ಜೆಸ್ಸಿ ವೆಂಚುರಾನನ್ನು ಕರೆಯಿರಿ. ಈತ 1999ರಿಂದ 2003ರವರೆಗೆ ಮಿನೆಸೋಟ ರಾಜ್ಯದ ಗವರ್ನರ್ ಆಗಿದ್ದ, ಅದು ಎಲ್ಲರಿಗೂ ಗೊತ್ತು. ನಮಗೆ ಬೇಕಾದದ್ದು 1986. ಎರಡನೇ ರೆಸಲ್‌ಮೇನಿಯಾದ ಹೊತ್ತಿಗೆ ಆತ ಪೈಲ್ವಾನರನ್ನೆಲ್ಲ ಸೇರಿಸಿ ಸಂಘ ಕಟ್ಟೋಣ ಎಂದ. ಸಂಘ ಆಗಲಿಲ್ಲ, ಸುದ್ದಿ ಮಾಲೀಕನ ಕಿವಿ ಮುಟ್ಟಿತು. ಮುಟ್ಟಿಸಿದವನು ಹಲ್ಕ್ ಹೋಗನ್ ಎಂದು ಮಾಲೀಕ ವಿನ್ಸ್ ಮೆಕ್‌ಮಹಾನ್ ಮುಂದೆ ವೆಂಚುರಾನ ದಾವೆಯೊಂದರಲ್ಲಿ ಪ್ರಮಾಣ ಮಾಡಿ ಹೇಳಿದ. ಹೋಗನ್ 2025ರ ಜುಲೈನಲ್ಲಿ ತೀರಿಕೊಂಡ, ಅವನನ್ನು ಕೇಳುವ ಕಾಲ ಮುಗಿಯಿತು. ವೆಂಚುರಾನನ್ನಾದರೂ ಕೇಳಿ: ಅಂದು ಎಷ್ಟು ಜನ ತಲೆ ಅಲ್ಲಾಡಿಸಿದರು, ಎಷ್ಟು ಜನ ನೆಲ ನೋಡಿದರು? ಈ ಪೈಲ್ವಾನರು ಕಂಪನಿಯ ನೌಕರರಲ್ಲ, ಕಾಗದದ ಮೇಲೆ 'ಸ್ವತಂತ್ರ ಗುತ್ತಿಗೆದಾರರು'. ಇದನ್ನು ವಿವರಿಸಲು ನಾವು ತಯಾರಿ ಮಾಡಿಕೊಂಡು ಹೋಗಿದ್ದೆವು, ಬೇಕಾಗಲಿಲ್ಲ. ಜತ್ತ ತಾಲೂಕಿನ ಹುಡುಗ, ಅಪ್ಪ ಅವ್ವ ದೀಪಾವಳಿಗೆ ಮೊದಲೇ ಮುಂಗಡ ತೆಗೆದುಕೊಂಡು ಕಬ್ಬಿಗೆ ಹೋಗುವವರು. ಎದ್ದು ನಿಂತು ಕೇಳಿದ, 'ಸರ, ಅವರಿಗೂ ಮುಕಾದಮ ಇರ್ತಾನೇನ್ರಿ?' ಹೌದಪ್ಪಾ, ಇರ್ತಾನ.

ಬ್ಯಾರಿ ಹೊರೊವಿಟ್ಸ್‌ನನ್ನು ಕರೆಯಿರಿ. ಯಾರು ಅಂತೀರಾ? ವರ್ಷಗಟ್ಟಲೆ ಸೋತದ್ದೇ ಇವನ ಕೆಲಸ. ಯಾರೂ ಬೆನ್ನು ತಟ್ಟುವುದಿಲ್ಲವೆಂದು ತನ್ನ ಬೆನ್ನನ್ನು ತಾನೇ ತಟ್ಟಿಕೊಳ್ಳುತ್ತಿದ್ದ, ಅಂಗಿಯ ಹಿಂದೆ ಕೈಯ ಚಿತ್ರವನ್ನೇ ಹಾಕಿಸಿದ್ದ. 1995ರಲ್ಲಿ ಒಮ್ಮೆ ಗೆದ್ದಾಗ ಜನ ಎದ್ದು ನಿಂತರು. ದೊಡ್ಡವರೆಲ್ಲ ದೊಡ್ಡವರಾಗಿ ಕಂಡದ್ದು ಇಂಥವರು ನೀಟಾಗಿ ಬಿದ್ದುಕೊಟ್ಟಿದ್ದಕ್ಕೆ. ಹೇಗೆ ಬೀಳಬೇಕು, ಗದ್ದ ಎಲ್ಲಿಡಬೇಕು, ಉಸಿರು ಯಾವಾಗ ಬಿಡಬೇಕು ಎಂಬುದು ಇವನಿಗೆ ಗೊತ್ತಿದ್ದಷ್ಟು ಯಾರಿಗೂ ಗೊತ್ತಿರಲಿಕ್ಕಿಲ್ಲ.

ಮಾರ್ಥಾ ಹಾರ್ಟ್ ಬರುತ್ತಾರೋ ಇಲ್ಲವೋ, ಕರೆಯುವುದು ಧರ್ಮ. ಅವರ ಗಂಡ ಓವನ್ ಹಾರ್ಟ್ 1999ರ ಮೇ 23ರಂದು ಕ್ಯಾನ್ಸಾಸ್ ಸಿಟಿಯಲ್ಲಿ ಛಾವಣಿಯಿಂದ ಹಗ್ಗದಲ್ಲಿ ಇಳಿಯುವ ತಮಾಷೆಯ ಪ್ರವೇಶ ಮಾಡುವಾಗ ಕೆಳಗೆ ಬಿದ್ದು ಸತ್ತರು. ಆ ರಾತ್ರಿಯ ಪ್ರದರ್ಶನ ಮುಂದುವರಿಯಿತು. ಕಂಪನಿಯ ಗೌರವ ಪಟ್ಟಿಗೆ ಗಂಡನ ಹೆಸರು ಸೇರಿಸಲು ಈ ಹೆಣ್ಣುಮಗಳು ಒಪ್ಪಲಿಲ್ಲ. ಹಾರ ಬೇಡ ಎಂದವರ ಮಾತು ಹಾರ ಹಾಕಿಸಿಕೊಂಡವರ ಮಾತಿಗಿಂತ ಕೇಳಲು ಯೋಗ್ಯ.

ನಮ್ಮ ಪಟ್ಟಿಯಲ್ಲಿ ಎಲ್ಲರಿಗಿಂತ ಮೇಲಿನ ಹೆಸರು ಮಾತ್ರ ದಿ ಗ್ರೇಟ್ ಖಲಿ. ಹುಡುಗರು ಚಪ್ಪಾಳೆ ತಟ್ಟಿದರು, ಆದರೆ ನಮ್ಮ ಕಾರಣ ಅವರ ಕಾರಣವಲ್ಲ. ದಲೀಪ್ ಸಿಂಗ್ ರಾಣಾ, ಹಿಮಾಚಲದ ಹಳ್ಳಿಯವರು, ಪಂಜಾಬ್ ಪೊಲೀಸಿನಲ್ಲಿದ್ದವರು, 2006ರಲ್ಲಿ ಆ ಕಂಪನಿಯ ಟಿವಿಗೆ ಬಂದವರು. 2007ರಲ್ಲಿ ವಿಶ್ವ ಹೆವಿವೇಟ್ ಪಟ್ಟ ಗೆದ್ದರು. ಇಷ್ಟು ದೊಡ್ಡ ಆಳಿಗೆ ಅವರು ಕೊಟ್ಟ ಮಾತು ಎಷ್ಟು? ಗುಟುರು ಹಾಕು, ಕಣ್ಣು ಬಿಡು, ನಿನ್ನ ಮಾತನ್ನು ಪಕ್ಕದವನು ಆಡುತ್ತಾನೆ. ಪಕ್ಕದವನೂ ಪಾತ್ರವೇ, ದುಭಾಷಿಯ ವೇಷ. ಇದು ಖಲಿಯೊಬ್ಬರ ಕಥೆಯಲ್ಲ. ಹೊನೊಲುಲುವಿನಲ್ಲಿ ಹುಟ್ಟಿದ ಮಿಸ್ಟರ್ ಫ್ಯೂಜಿ ಹರಕು ಮುರುಕು ಇಂಗ್ಲಿಷ್ ಆಡಬೇಕಿತ್ತು. ಸಮೋವಾ ಮೂಲದ ಅಮೆರಿಕನ್ನನೊಬ್ಬ ಯೊಕೊಜುನಾ ಎಂಬ ಹೆಸರಿನಲ್ಲಿ ಜಪಾನಿಯಾದ. ಕೆನಡಾದ ಕ್ಯಾಲ್ಗರಿಯಲ್ಲಿ ಹುಟ್ಟಿದ ಜಿಂದರ್ ಮಹಾಲ್ 2017ರಲ್ಲಿ ಪಟ್ಟ ಗೆದ್ದಾಗಲೂ ಪಂಜಾಬಿನಿಂದ ಬಂದ ಪರಕೀಯನ ವೇಷವೇ. ಭಾಷೆ ಇದ್ದವನನ್ನು ಮೂಗನನ್ನಾಗಿಸುವುದು, ಭಾಷೆ ಬರುವವನಿಗೆ ಬಾರದಂತೆ ನಟಿಸಲು ಹೇಳುವುದು!

ಗಡಿಯಾಚೆಯ ಕನ್ನಡ ಶಾಲೆಯವರಿಗೆ ಇದು ಅರ್ಥವಾಗದಿದ್ದರೆ ಇನ್ಯಾರಿಗೆ ಆಗಬೇಕು? ಹತ್ತು ವಾಕ್ಯ ಕನ್ನಡದಲ್ಲಿ ಪಟಪಟ ಹೇಳುವ ಹುಡುಗಿ ಬೇರೆ ಭಾಷೆಯ ಸಾಹೇಬರು ಬಂದು ಬೇರೆ ಭಾಷೆಯಲ್ಲಿ ಕೇಳಿದಾಗ ನೆಲ ನೋಡುತ್ತಾಳೆ. 'ಈ ಶಾಲೆಯ ಮಕ್ಕಳಿಗೆ ಮಾತೇ ಬರುವುದಿಲ್ಲ' ಎಂದು ಒಂದು ಕಚೇರಿಯವರು ನಮ್ಮೆದುರಿಗೇ ಅಂದಿದ್ದಾರೆ. ಆ ಹುಡುಗಿಯ ಪಕ್ಕದಲ್ಲಿ ನಿಂತು ಅವಳ ಮಾತನ್ನು ನಾವೇ ಆಡಿ ಮುಗಿಸುವುದು ಸುಲಭ, ಆದರೆ ಆಗ ನಾವೂ ದುಭಾಷಿಯ ವೇಷದವರೇ. ಖಲಿ ಒಂದು ತಾಸು ತಮ್ಮ ಮಾತಿನಲ್ಲೇ ಕುಳಿತು ಮಾತಾಡಲಿ, ಅನುವಾದ ಕೆಳಗೆ ಅಕ್ಷರದಲ್ಲಿ ಬರಲಿ.

ಅದು ಹೊಗಳಿಕೆಯ ತಾಸೂ ಆಗಬಾರದು. 2001ರಲ್ಲಿ ಕ್ಯಾಲಿಫೋರ್ನಿಯಾದ ಕುಸ್ತಿ ತರಬೇತಿ ಶಾಲೆಯೊಂದರಲ್ಲಿ ಖಲಿಯವರ ಜೊತೆ ಅಭ್ಯಾಸ ಮಾಡುತ್ತಿದ್ದ ಬ್ರಯಾನ್ ಓಂಗ್ ಎಂಬ ತರುಣ ಎತ್ತಿ ಹಾಕಿದಾಗ ತಲೆಗೆ ಪೆಟ್ಟಾಗಿ ಸತ್ತ. 2005ರಲ್ಲಿ ಜ್ಯೂರಿ ಆ ತರಬೇತಿ ಸಂಸ್ಥೆಯನ್ನು ಹೊಣೆ ಮಾಡಿತು. ಖಲಿ 2015ರಲ್ಲಿ ಜಲಂಧರಿನಲ್ಲಿ ತಾವೇ ಒಂದು ಕುಸ್ತಿ ಶಾಲೆ ತೆರೆದರು. ಹಾಗಾದರೆ ಪ್ರಶ್ನೆ ನೇರವಾಗಿಯೇ ಇದೆ: ನಿಮ್ಮಲ್ಲಿ ಬರುವ ಹುಡುಗನಿಗೆ ಮೊದಲ ದಿನ ಏನು ಕಲಿಸುತ್ತೀರಿ? ತಲೆಗೆ ಪೆಟ್ಟಾದವನನ್ನು ಎಷ್ಟು ದಿನ ದೂರ ಕೂರಿಸುತ್ತೀರಿ? 'ಸುಳ್ಳು ಕುಸ್ತಿ' ಎನ್ನುವ ನಮ್ಮ ಸ್ಟಾಫ್ ರೂಮಿನವರು ಈ ಉತ್ತರ ಬರುವಾಗ ಮುಂದಿನ ಬೆಂಚಿನಲ್ಲಿ ಕೂರಬೇಕು.

ಇನ್ನು ಕೆಲವರು ಅಮೆರಿಕದವರು ಯಾಕೆ, ನಮ್ಮ ಪೈಲ್ವಾನರಿಲ್ಲವೇ ಎನ್ನುತ್ತಾರೆ. ಇದ್ದರು ಸ್ವಾಮಿ. ಎಕ್ಸಂಬೆಯ ಶ್ರೀಪತಿ ಖಂಚನಾಳೆ 1959ರಲ್ಲಿ ಮೊದಲ ಹಿಂದ್ ಕೇಸರಿಯಾದವರು, 2020ರಲ್ಲಿ ಹೋದರು. ಅವರ ಒಂದು ತಾಸಿನ ಮಾತು ನಮ್ಮ ಶಾಲೆಯ ಕಪಾಟಿನಲ್ಲಿಲ್ಲ, ನಿಮ್ಮ ಶಾಲೆಯದರಲ್ಲಿ ಇದೆಯೇ? ಊರಿನ ತಾಲೀಮಿನ ಮುದುಕರು ಇನ್ನೂ ಇದ್ದಾರೆ, ಹುಡುಗರ ಕೈಯಲ್ಲಿ ಮೊಬೈಲೂ ಇದೆ.

ಕಡೆಗೆ ಏಳನೇ ಇಯತ್ತೆಯ ಹೆಣ್ಣುಮಕ್ಕಳು ನಮ್ಮ ಪಟ್ಟಿಯನ್ನೂ ಒಪ್ಪಲಿಲ್ಲ, ಅದನ್ನೂ ಹೇಳಬೇಕು. 'ಎಲ್ಲಾ ಗಂಡಸರ ಅದಾರಲ್ರಿ, ಮಾರ್ಥಾ ಬಾಯಿನೂ ಗಂಡನ ಸಲುವಾಗೇ ಬಂದಾಳ' ಎಂದರು. ಸರಿ, ವೆಂಡಿ ರಿಕ್ಟರ್ ಕಥೆ ಹೇಳಿದೆವು. 1985ರ ನವೆಂಬರ್ 25, ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ಕೂಲಿಯ ಬಗ್ಗೆ ಕಂಪನಿಯೊಂದಿಗೆ ತಕರಾರು ನಡೆದಿತ್ತು. ಎದುರಿಗೆ ಮುಸುಕು ಹಾಕಿದ 'ಸ್ಪೈಡರ್ ಲೇಡಿ'. ವೆಂಡಿ ಭುಜ ಎತ್ತಿದರೂ ರೆಫರಿ ಮೂರು ಎಣಿಸಿ ಮುಗಿಸಿದ, ಪಟ್ಟ ಹೋಯಿತು. ಮುಸುಕಿನೊಳಗೆ ಇದ್ದವಳು ಆಕೆಯ ಹಳೆಯ ಎದುರಾಳಿ ಮೂಲಾ. ಕಥೆ ಮುಗಿಯುವ ಮೊದಲೇ ಹುಡುಗಿಯರು ವಹಿಯಲ್ಲಿ ಪ್ರಶ್ನೆ ಬರೆಯಲು ಶುರು ಮಾಡಿದ್ದರು. ಮೊದಲನೆಯದು: 'ನಿಮಗ ಎಷ್ಟು ಕೊಡ್ತಿದ್ರು, ಹೋಗನ್‌ಗ ಎಷ್ಟು ಕೊಡ್ತಿದ್ರು?' ಎರಡನೆಯದು: 'ಆ ರೆಫರಿ ಆಮೇಲೆ ನಿಮ್ಮ ಕೂಡ ಮಾತಾಡಿದನೇನು?'