ಮೂರು ಗೀರು ಇದ್ದದ್ದೆಲ್ಲ ಪಲಾವ್ ಎಲೆ ಅಲ್ಲ

ಎರಡು ವರ್ಷದ ಹಿಂದೆ ಇದೇ ಪೇಜಿನಲ್ಲಿ ನಾನೊಂದು ಮಾತು ಬರೆದಿದ್ದೆ. ಎಲೆಯ ಬುಡದಿಂದ ತುದಿಗೆ ಮೂರು ಗೀರು ಕಂಡರೆ ಅದು ದಾಲ್ಚಿನ್ನಿ, ಧೈರ್ಯವಾಗಿ ಪಲಾವಿಗೆ ಹಾಕಿ ಅಂತ. ಸುಮಾರು ಜನ ಶೇರ್ ಮಾಡಿದ್ರಿ. ಆ ಮಾತು ಅರ್ಧ ಮಾತ್ರ ಸರಿ, ಉಳಿದರ್ಧ ಅಪಾಯ. ಅದನ್ನ ಇವತ್ತು ವಾಪಸ್ ತಗೊಳ್ತೇನೆ.

ಕಾರಣ ಇದು. ಕೊನೆ ಕೊಯ್ಲಿನ ದಿನ ಎಂಟು ಜನರ ಊಟಕ್ಕೆ ಪಲಾವ್ ಅಂತಾಯ್ತು. ರಜೆಗೆ ಬಂದಿದ್ದ ಅಣ್ಣನ ಮಗನಿಗೆ ಬೆಟ್ಟದಿಂದ ನಾಲ್ಕು ಎಲೆ ತಾ ಅಂದೆ. "ಯಾವ ಎಲೆ ಚಿಕ್ಕಪ್ಪಾ?" ಅಂದ. "ಮೂರು ಗೀರಿಂದು" ಅಂದೆ. ಹುಡುಗ ಒಂದು ಕಂತೆನೇ ತಂದ. ಅಮ್ಮ ಒಂದೊಂದೇ ಎಲೆ ಹಿಸುಕಿ ಮೂಸಿ ಹಾಕುವವಳು. ಮೂರನೆಯದಕ್ಕೆ ಕೈ ನಿಂತಿತು. "ಇದೆಂತದ್ದೋ, ವಾಸನೆಯೇ ಇಲ್ಲ" ಅಂದಳು. ಹೋಗಿ ನೋಡಿದರೆ, ಅರ್ಧ ದಾಲ್ಚಿನ್ನಿ, ಅರ್ಧ ಬೇಲಿ ಸಾಲಿನ ಕಾಸರಕನ ಎಲೆ!

ಕಾಸರಕ ಅಂದ್ರೆ ಏನು ಅಂತ ಘಟ್ಟದ ಬುಡದವರಿಗೆ ಹೇಳಬೇಕಾಗಿಲ್ಲ. ಬೀಜದಲ್ಲಿ ವಿಷ ಜಾಸ್ತಿ, ಆದ್ರೆ ಎಲೆಯಲ್ಲೂ ಇದೆ. ಅದರ ಎಲೆಗೂ ಬುಡದಿಂದ ಮೂರೋ ಐದೋ ಗೀರು, ಅದೂ ಎದುರುಬದುರು ಎಲೆ, ಅದೂ ಹೊಳಪು. ಹುಡುಗನ ತಪ್ಪಿಲ್ಲ. ಹೇಳಿಕೊಟ್ಟವನ ತಪ್ಪು.

ಈ ಗೊಂದಲಕ್ಕೆ ಅರ್ಧ ಕಾರಣ ಹೆಸರು. "ಬೇ ಲೀಫ್" ಅಂತ ಮೂರ್ನಾಲ್ಕು ಮರದ ಎಲೆಗೆ ಕರೀತಾರೆ. ನಿಜವಾದ ಬೇ, ಅಂದ್ರೆ ಲಾರೆಲ್, ಮೆಡಿಟರೇನಿಯನ್ ಸಮುದ್ರದ ಸುತ್ತಿನ ಮರ. ಅದರ ಎಲೆಗೆ ನಡುವೆ ಒಂದೇ ದಪ್ಪ ಗೀರು, ಅದರಿಂದ ಗರಿಯ ಹಾಗೆ ಪಕ್ಕದ ಗೀರು, ಅಂಚು ಸ್ವಲ್ಪ ಅಲೆ ಅಲೆ. ಹಿಸುಕಿದರೆ ನೀಲಗಿರಿ ಎಲೆಯ ಕಡೆಗೆ ಹೋಗುವ ವಾಸನೆ. ಉತ್ತರದ ಅಡುಗೆಯ ತೇಜಪತ್ತಾ ಬೇರೆ. ಅದು ಹಿಮಾಲಯದ ತಪ್ಪಲಿನ, ಮೇಘಾಲಯದ ಕಡೆಯ ದಾಲ್ಚಿನ್ನಿ ಜಾತಿ, ಮೂರು ಗೀರಿನದು. ನಮ್ಮ ಬೆಟ್ಟದ ಕಾಡು ದಾಲ್ಚಿನ್ನಿ ಅದರ ದಾಯಾದಿ. ಇನ್ನು ನರ್ಸರಿಯಲ್ಲಿ "ಪಲಾವ್ ಎಲೆ ಗಿಡ" ಅಂತ ಕೊಡುವುದು ಎಷ್ಟೋ ಸಲ ಸರ್ವಸಾಂಬಾರ, ಅಂದ್ರೆ ಆಲ್‌ಸ್ಪೈಸ್. ನಾನೂ ಬೇ ಲೀಫ್ ಅಂತ ದುಡ್ಡು ಕೊಟ್ಟು ತಂದವನೇ. ಬೆಳೆದು ತೊಗಟೆ ನುಣುಪಾಗಿ ಸುಲಿಯೋಕೆ ಶುರುವಾದ ಮೇಲೆ ಗೊತ್ತಾಯ್ತು. ಇದರ ಎಲೆಗೂ ಗರಿಯಂಥ ಗೀರು, ವಾಸನೆ ಮಾತ್ರ ಲವಂಗ, ದಾಲ್ಚಿನ್ನಿ, ಜಾಯಿಕಾಯಿ ಕಲಸಿದ ಹಾಗೆ. ಅಡುಗೆಗೆ ಚೆನ್ನಾಗೇ ಇದೆ, ದೂರು ಇಲ್ಲ. ಆದ್ರೆ ಹೆಸರು ಹೇಳಿ ಕೊಡಬೇಕಿತ್ತು.

ಈಗ ನಾನು ನೋಡುವ ಕ್ರಮ ಹೇಳ್ತೇನೆ.

ಮೊದಲು ಮರ ನೋಡಿ, ಎಲೆ ಆಮೇಲೆ. ದಾಲ್ಚಿನ್ನಿಯ ಚಿಗುರು ಕೆಂಪು. ಬಲಿತ ಎಲೆಯ ಮೂರು ಗೀರಿನ ನಡುವೆ ಏಣಿಯ ಮೆಟ್ಟಿಲಿನಂತೆ ಸಣ್ಣ ಅಡ್ಡ ಗೀರು. ಸಣ್ಣ ಕೊಂಬೆಯ ತೊಗಟೆ ಕೆರೆದರೂ ವಾಸನೆ ಬರಬೇಕು. ಕಾಸರಕನಲ್ಲಿ ಕಿತ್ತಳೆ ಗಾತ್ರದ, ಗಟ್ಟಿ ಸಿಪ್ಪೆಯ ಕಾಯಿ, ಒಳಗೆ ಗುಂಡಿಯಂಥ ಚಪ್ಪಟೆ ಬೀಜ. ಆದರೆ ಎಲ್ಲ ಕಾಲದಲ್ಲೂ ಕಾಯಿ ಇರೋದಿಲ್ಲ, ಅದನ್ನೇ ನಂಬಿ ಕೂರಬೇಡಿ.

ಆಮೇಲೆ ಹಿಸುಕಿ ಮೂಸಿ. ವಾಸನೆ ಇಲ್ಲದ ಎಲೆ ಒಲೆ ಹತ್ತಿರ ಬರಬಾರದು. ಒಂದು ಎಲೆ ಮೂಸಿದ ಕೈಯಲ್ಲೇ ಇನ್ನೊಂದನ್ನ ಹಿಸುಕಿದರೆ ಮೊದಲಿನ ವಾಸನೆಯೇ ಬರ್ತದೆ, ಕೈ ತೊಳೆದುಕೊಳ್ಳಿ. ಅಗಿದು ನೋಡುವ ಅಭ್ಯಾಸ ಇದ್ದವರು ಅದನ್ನ ಇವತ್ತೇ ಬಿಡಿ. ಮತ್ತೆ, ಪರಿಮಳ ಇದ್ದದ್ದೆಲ್ಲ ತಿನ್ನುವಂಥದ್ದು ಅಂತಲೂ ಅಲ್ಲ. ಮರ ಗುರುತಾಗಿ, ವಾಸನೆಯೂ ಹೊಂದಿದರೆ ಮಾತ್ರ ಕೊಯ್ಯಿ. ಒಂದು ಕಡೆ ಅನುಮಾನ ಬಂದರೂ ಬಿಟ್ಟುಬಿಡಿ.

ಕೊಯ್ಯುವುದಾದರೆ ಮಳೆ ಕಳೆದ ಮೇಲೆ, ಬಲಿತ ಎಲೆ ಮಾತ್ರ. ಒಣಗಿಸೋದು ನೆರಳಲ್ಲಿ. ಬಿಸಿಲಿಗೆ ಹಾಕಿದರೆ ಬಣ್ಣವೂ ಹೋಗ್ತದೆ, ಪರಿಮಳವೂ ಹೋಗ್ತದೆ. ಸೇರು ಅಕ್ಕಿಗೆ ಎರಡು ಎಲೆ ಸಾಕು, ತುಪ್ಪ ಕಾದ ಕೂಡ್ಲೇ ಹಾಕಿ. ಬಡಿಸುವ ಮೊದಲು ಎಲೆ ತೆಗೀರಿ. ಎಷ್ಟು ಬೇಯಿಸಿದರೂ ಅದು ಮೆತ್ತಗಾಗೋದಿಲ್ಲ, ಮಕ್ಕಳ ಗಂಟಲಿಗೆ ಸಿಕ್ಕಿದರೆ ಕಷ್ಟ. ಕೇರಳದಲ್ಲಿ ಕಾಡು ದಾಲ್ಚಿನ್ನಿ ಎಲೆಯನ್ನೇ ಕೊಟ್ಟೆಯ ಹಾಗೆ ಸುತ್ತಿ ಹಲಸಿನಹಣ್ಣಿನ ಕಡುಬು ಬೇಯಿಸ್ತಾರೆ. ಅರಿಶಿನ ಎಲೆಯ ಕಡುಬು ತಿಂದು ಬೆಳೆದ ನಮಗೆ ಇದು ಹೊಸತೇನಲ್ಲ, ಒಮ್ಮೆ ಮಾಡಿ ನೋಡಿ.

ನನ್ನ ಅಭಿಪ್ರಾಯ ಇಷ್ಟೇ. ಲಾರೆಲ್ ಗಿಡ ಅಂತ ದುಬಾರಿ ದುಡ್ಡು ಸುರಿಯೋದು ಬೇಡ. ನಿಧಾನ ಬೆಳೆಯುವ ಮರ, ಬುಡದಲ್ಲಿ ನೀರು ನಿಂತರೆ ಆಗದು, ನಮ್ಮ ಮಳೆ ಎಂಥದ್ದು ಅಂತ ನಿಮಗೇ ಗೊತ್ತು. ನಮ್ಮ ದಾಲ್ಚಿನ್ನಿ ಕುಲದ ಎಲೆ ಸುಮಾರು 2000 ವರ್ಷದ ಹಿಂದೆಯೇ ಮಲಬಾರಿನಿಂದ ಹಡಗು ಹತ್ತುತ್ತಿತ್ತು. ತಮಾಲಪತ್ರ ಅನ್ನೋ ಹೆಸರನ್ನೇ ಗ್ರೀಕರು ಮಲಬಾತ್ರಂ ಮಾಡಿಕೊಂಡರು. ಅಂಥ ಎಲೆ ಬೆಟ್ಟದಲ್ಲೇ ಇರುವಾಗ ಹೊರಗಿಂದ ಯಾಕೆ?

ಸಂತೆಯಲ್ಲಿ ಕಂತೆ ಕಟ್ಟಿ ಮಾರುವವರಿಗೆ ಒಂದು ಮಾತು. ಮಾರಿ, ಖಂಡಿತ ಮಾರಿ. ಆದರೆ ಕೂಲಿಗೆ ಕೊಯ್ಸಿದ ಎಲೆಯನ್ನ ಹಾಗೇ ಕಟ್ಟಬೇಡಿ, ಒಂದೊಂದು ಕೊಂಬೆಯೂ ನಿಮ್ಮ ಕೈ ದಾಟಲಿ. ಚೀಟಿ ಮೇಲೆ "ದಾಲ್ಚಿನ್ನಿ ಎಲೆ" ಅಂತಲೋ "ಸರ್ವಸಾಂಬಾರ ಎಲೆ" ಅಂತಲೋ ಮರದ ಹೆಸರೇ ಬರೀರಿ. ಒಬ್ಬರ ಕಂತೆಯಲ್ಲಿ ಒಂದು ಕಾಸರಕನ ಎಲೆ ಸಿಕ್ಕಿದರೆ ಇಡೀ ಊರಿನ ಎಲೆ ಯಾರೂ ಮುಟ್ಟೋದಿಲ್ಲ.

ಇನ್ನು ಫೋಟೋ ಕಳಿಸಿ "ಇದು ಪಲಾವ್ ಎಲೆಯಾ?" ಅಂತ ಕೇಳಬೇಡಿ ಮಾರಾಯ್ರೆ. ಫೋಟೋಕ್ಕೆ ವಾಸನೆ ಇಲ್ಲ. ಎಲೆ ಇರುವ ಕೊಂಬೆಯನ್ನೇ ಹಿಡಿದು ಮನೆಗೆ ಬನ್ನಿ, ಅಮ್ಮ ಇದ್ದಾಳೆ, ಒಟ್ಟಿಗೆ ನೋಡುವ. ಹಳೇ ಪೋಸ್ಟ್ ಶೇರ್ ಮಾಡಿದವರು ಅದನ್ನ ತೆಗೆದು ಇದನ್ನ ಹಾಕಿ.