ನಿಯಮ ಸಡಿಲಿದರೆ ಪ್ರಶ್ನೆಯೂ ಸಡಿಲು



ಗುಡಿಯ ಕಟ್ಟೆಯ ಕಲ್ಲಿನ ಮೇಲೆ ಚೌಕಾಬಾರದ ಮನೆಗಳನ್ನು ಕೊರೆದಿಟ್ಟಿರುವುದನ್ನು ನಮ್ಮ ಭಾಗದ ಹಳ್ಳಿಗಳಲ್ಲಿ ನೀವು ನೋಡಿರುತ್ತೀರಿ. ಆಡುವವರು ಬದಲಾಗುತ್ತಾರೆ, ಕವಡೆ ಸಿಗದಿದ್ದರೆ ಹುಣಸೆಬೀಜ ಬರುತ್ತದೆ. ಆದರೆ ಮನೆಗಳು ಅವೇ, ಕಾಯಿಯ ನಡೆಯೂ ಅದೇ. ಸುತ್ತ ನಿಂತು ನೋಡುವವನಿಗೂ ಆ ನಡೆ ಗೊತ್ತಿರುವುದರಿಂದಲೇ ಅವನು ಆಡುವವನಿಗಿಂತ ಹೆಚ್ಚು ಉತ್ಸಾಹದಿಂದ ಕೂಗುತ್ತಾನೆ. ನಿಯಮವೆಂಬುದು ಆಡುವವನ ಸೊತ್ತು ಮಾತ್ರವಲ್ಲ, ನೋಡುವವನ ಸೊತ್ತೂ ಹೌದು.

ದೂರದರ್ಶನದ ರಸಪ್ರಶ್ನೆ ಕಾರ್ಯಕ್ರಮಗಳ ವಿಷಯದಲ್ಲಿ ನನ್ನ ಅಭಿಪ್ರಾಯವೂ ಇದೇ. ನೋಡುಗರು ಕಡಿಮೆಯಾದರೆಂದು, ಹೊಸತನ ಬೇಕೆಂದು, ನಿಯಮಗಳನ್ನು ಪದೇಪದೇ ತಿದ್ದುವುದರಿಂದ ಕಾರ್ಯಕ್ರಮ ಹೊಸದಾಗುವುದಿಲ್ಲ, ಬಡವಾಗುತ್ತದೆ. ತಿದ್ದಲೇಬಾರದೆಂಬ ಹಟ ನನ್ನದಲ್ಲ. ಆದರೆ ತಿದ್ದುಪಡಿಯನ್ನು ಅಳೆಯಲು ಒಂದು ಅಳತೆಗೋಲು ಬೇಕು.

ನಿವೃತ್ತ ಮೇಷ್ಟ್ರಿಗೆ ಟಿ.ವಿ.ಯ ಗೊಡವೆ ಏಕೆ ಎಂದು ಕೆಲವರಿಗೆ ಅನ್ನಿಸಬಹುದು. ನಮ್ಮ ಜಿಲ್ಲೆಗೆ ಟಿ.ವಿ. ಬಂದದ್ದೇ ಶಿಕ್ಷಕನ ವೇಷದಲ್ಲಿ ಎಂಬುದನ್ನು ಇಂದಿನ ಮಕ್ಕಳು ಅರಿಯರು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಭಾರತದ 6 ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ, ಅಮೆರಿಕದ ಉಪಗ್ರಹವೊಂದರ ನೆರವಿನಿಂದ, ‘ಸೈಟ್’ ಎಂಬ ಶೈಕ್ಷಣಿಕ ದೂರದರ್ಶನ ಪ್ರಯೋಗ ನಡೆಯಿತು. ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದ ಜಿಲ್ಲೆಗಳು ರಾಯಚೂರು, ಗುಲ್ಬರ್ಗಾ ಮತ್ತು ಬಿಜಾಪುರ. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಆರಂಭವಾದದ್ದು 1981ರಲ್ಲಿ. ರಾಜಧಾನಿಗಿಂತ ಮೊದಲೇ ನಮ್ಮ ಹಳ್ಳಿಗರು ಟಿ.ವಿ.ಯ ಮುಂದೆ ಕುಳಿತದ್ದು ಕಲಿಯುವುದಕ್ಕೆಂದು. ಆ ಪ್ರಯೋಗ ಮುಗಿದು ದಶಕಗಳಾದ ಮೇಲೂ ಟಿ.ವಿ.ಗೆ ಕಲಿಕೆಯೊಂದಿಗೆ ಉಳಿದಿರುವ ನಂಟು ರಸಪ್ರಶ್ನೆ ಒಂದೇ ಎಂದರೆ ತಪ್ಪಾಗಲಾರದು. ದೇವದುರ್ಗದಲ್ಲಿಯೂ ಮಾನ್ವಿಯಲ್ಲಿಯೂ ಪಾಠ ಮಾಡಿದ ನನಗೆ, ಪಠ್ಯಪುಸ್ತಕದಾಚೆ ಒಂದು ಜಗತ್ತಿದೆ ಎಂದು ಮಕ್ಕಳಿಗೆ ತೋರಿಸಲು ಸಿಕ್ಕ ಅಗ್ಗದ ಕಿಟಕಿ ಅದಾಗಿತ್ತು. ಆ ಕಿಟಕಿಗೆ ಮಸಿ ಹತ್ತಿದರೆ ಮೇಷ್ಟ್ರಿಗೆ ನೋವಾಗುವುದು ಸಹಜ.

ಈಗ ವಿಷಯಕ್ಕೆ ಬರೋಣ. 1998ರ ಸೆಪ್ಟೆಂಬರಿನಲ್ಲಿ ಬ್ರಿಟನ್ನಿನಲ್ಲಿ ಒಂದು ಕಾರ್ಯಕ್ರಮ ಹುಟ್ಟಿತು. ಅದರ ಚೌಕಟ್ಟನ್ನೇ ತಂದು 2000ದ ಜುಲೈ 3ರಂದು ‘ಕೌನ್ ಬನೇಗಾ ಕರೋಡ್‌ಪತಿ’ಯನ್ನು ಅಮಿತಾಭ್ ಬಚ್ಚನ್ ಆರಂಭಿಸಿದರು. ನಿಯಮಗಳು ಬೆರಳೆಣಿಕೆಯಷ್ಟು. 15 ಪ್ರಶ್ನೆಗಳು, ಸುಲಭದಿಂದ ಕಠಿಣಕ್ಕೆ ಏರುವ ಮೆಟ್ಟಿಲುಗಳು. 10,000 ಮತ್ತು 3,20,000 ರೂಪಾಯಿಗಳಲ್ಲಿ ಎರಡು ತಂಗುದಾಣಗಳು. ಮೂರು ಸಹಾಯಗಳು: ನಾಲ್ಕರಲ್ಲಿ ಎರಡು ತಪ್ಪು ಉತ್ತರಗಳನ್ನು ಅಳಿಸುವುದು, ಸಭಿಕರ ಮತ, ಗೆಳೆಯನಿಗೆ ದೂರವಾಣಿ. ಬಿಸಿ ಕುರ್ಚಿಗೆ ಹೋಗುವ ಮೊದಲು 10 ಮಂದಿಯ ನಡುವೆ ಬೆರಳಿನ ವೇಗದ ಪರೀಕ್ಷೆ. ಬೇಕಾದಾಗ ಗೆದ್ದ ಹಣದೊಂದಿಗೆ ಎದ್ದು ಹೋಗುವ ಸ್ವಾತಂತ್ರ್ಯ.

ಈ ಸರಳ ಚೌಕಟ್ಟಿನಲ್ಲಿ ಎಂಥ ಬುದ್ಧಿಯಿತ್ತೆಂದು ಯೋಚಿಸಿ. ಮೊದಲ ಮೆಟ್ಟಿಲುಗಳಲ್ಲಿ ಪುರಾಣದ ಪ್ರಶ್ನೆ ಬಂದರೆ ಓದು ಬಾರದ ಅಜ್ಜಿಯೂ ಉತ್ತರ ಹೇಳುತ್ತಿದ್ದಳು. ಮಧ್ಯದಲ್ಲಿ ಮೊಮ್ಮಗ ಅವಳನ್ನು ದಾಟುತ್ತಿದ್ದ. ಮೇಲಿನ ಮೆಟ್ಟಿಲುಗಳಲ್ಲಿ ಮನೆಯವರೆಲ್ಲ ಸುಮ್ಮನಾಗಿ, ಬಲ್ಲವನೊಬ್ಬ ಯೋಚಿಸುವುದನ್ನು ನೋಡುತ್ತಿದ್ದರು. ಮನುಷ್ಯನೊಬ್ಬ ಯೋಚಿಸುತ್ತ ಕುಳಿತಿರುವುದನ್ನು ಕೋಟ್ಯಂತರ ಜನ ಉಸಿರು ಬಿಗಿಹಿಡಿದು ನೋಡಿದ್ದು ಟಿ.ವಿ.ಯ ಇತಿಹಾಸದಲ್ಲಿ ಅಪರೂಪದ ಸಂಗತಿ.

ಬ್ರಿಟನ್ನಿನಲ್ಲಿ ಮುಂದೇನಾಯಿತು? 1999ರಲ್ಲಿ ಅಲ್ಲಿನ ಒಂದು ಕಂತನ್ನು ಸುಮಾರು 1 ಕೋಟಿ 90 ಲಕ್ಷ ಜನ ನೋಡಿದ್ದರು. ಬರಬರುತ್ತ ಆ ಸಂಖ್ಯೆ ಇಳಿಯಿತು. 2007ರಲ್ಲಿ 15 ಪ್ರಶ್ನೆಗಳನ್ನು 12ಕ್ಕೆ ಇಳಿಸಿದರು. ಕಡಿದದ್ದು ಕೆಳಗಿನ ಸುಲಭದ ಮೆಟ್ಟಿಲುಗಳನ್ನು, ಅಂದರೆ ಅಜ್ಜಿಯ ಪಾಲನ್ನು. 2010ರಲ್ಲಿ ಗಡಿಯಾರವನ್ನು ತಂದರು, ಬೆರಳಿನ ವೇಗದ ಪರೀಕ್ಷೆಯನ್ನು ಕೈಬಿಟ್ಟರು. 2014ರಲ್ಲಿ ಕಾರ್ಯಕ್ರಮವೇ ನಿಂತಿತು. ಹಳತಾದದ್ದೂ ಒಂದು ಕಾರಣವಿರಬಹುದು. ನಿಯಮಗಳೊಂದರ ಮೇಲೆಯೇ ಎಲ್ಲ ಹೊರೆಯನ್ನು ಹೊರಿಸಲಾರೆ. ಆದರೆ 2018ರಲ್ಲಿ ಅದು ಮತ್ತೆ ಬಂದಾಗ 15 ಪ್ರಶ್ನೆಗಳೂ ಬೆರಳಿನ ಪರೀಕ್ಷೆಯೂ ಮರಳಿ ಬಂದವು.

ಅಮೆರಿಕದ ಕಥೆ ಇನ್ನೂ ಸ್ಪಷ್ಟ. ಅಲ್ಲಿ 2008ರಲ್ಲಿ ಗಡಿಯಾರ ಬಂತು: ಮೊದಲ ಐದು ಪ್ರಶ್ನೆಗಳಿಗೆ ತಲಾ 15 ಸೆಕೆಂಡು. 2010ರಲ್ಲಿ ಮೊದಲ ಹತ್ತು ಪ್ರಶ್ನೆಗಳನ್ನು ಇಸ್ಪೀಟಿನ ಎಲೆಗಳಂತೆ ಕಲಸಿಬಿಟ್ಟರು. ಯಾವ ಪ್ರಶ್ನೆ ಸುಲಭ, ಯಾವುದಕ್ಕೆ ಎಷ್ಟು ಹಣ ಎಂಬುದು ಉತ್ತರಿಸುವವನಿಗೆ ಮೊದಲೇ ತಿಳಿಯದು. ಮೆಟ್ಟಿಲುಗಳನ್ನು ಕಿತ್ತು ರಾಶಿ ಹಾಕಿದ ಮೇಲೆ ಅದು ಏಣಿಯೇ? 2015ರಲ್ಲಿ ಅವರೂ ಹಳೆಯ ಕ್ರಮಕ್ಕೆ ಹಿಂದಿರುಗಿದರು.

ನಮ್ಮ ದೇಶದಲ್ಲಿಯೂ 2010ರ ಆವೃತ್ತಿಯಲ್ಲಿ 15 ಪ್ರಶ್ನೆಗಳು 13ಕ್ಕೆ ಇಳಿದವು, ಕೆಳಗಿನ ಮೆಟ್ಟಿಲುಗಳಿಗೆ ಗಡಿಯಾರ ಬಂತು, ಬಹುಮಾನ ಮಾತ್ರ 5 ಕೋಟಿಗೆ ಏರಿತು. 2011ರಲ್ಲಿ ಬಿಹಾರದ ಮೋತಿಹಾರಿಯ ಸುಶೀಲ್ ಕುಮಾರ್ ಆ 5 ಕೋಟಿಯನ್ನು ಗೆದ್ದರು. ಅವರ ಜಾಣ್ಮೆಯನ್ನು ನಾನು ಪ್ರಶ್ನಿಸುತ್ತಿಲ್ಲ. ಆದರೆ ಹಣ ಹೆಚ್ಚಾಗಿ ಪ್ರಶ್ನೆಗಳು ಕಡಿಮೆಯಾದಾಗ ಜನರು ಮಾತಾಡುವುದು ಹಣದ ಬಗ್ಗೆಯೇ ಹೊರತು ಪ್ರಶ್ನೆಯ ಬಗ್ಗೆ ಅಲ್ಲ.

ಸಹಾಯದ ನಿಯಮಗಳನ್ನೂ ಸ್ವಲ್ಪ ಲೆಕ್ಕ ಹಾಕಿ ನೋಡೋಣ. ನಮ್ಮ ಜಿಲ್ಲೆಯದೇ ಪ್ರಶ್ನೆ ಕೇಳುತ್ತೇನೆ: 1915ರಲ್ಲಿ ಪತ್ತೆಯಾದ, ‘ಅಶೋಕ’ ಎಂಬ ಹೆಸರು ಸ್ಪಷ್ಟವಾಗಿರುವ ಶಾಸನ ಯಾವ ಊರಿನದು? ಆಯ್ಕೆಗಳಿಲ್ಲದೆ ಕೇಳಿದರೆ ಮಸ್ಕಿ ಎಂದು ಬಲ್ಲವನು ಮಾತ್ರ ಹೇಳಬಲ್ಲ. ನಾಲ್ಕು ಆಯ್ಕೆ ಕೊಟ್ಟರೆ ಏನೂ ಅರಿಯದವನಿಗೂ ನಾಲ್ಕರಲ್ಲಿ ಒಂದು ಅವಕಾಶ. ಎರಡನ್ನು ಅಳಿಸಿದರೆ ಎರಡರಲ್ಲಿ ಒಂದು. ಮುಂದೆ ‘ಡಬಲ್ ಡಿಪ್’ ಎಂಬ ಸಹಾಯ ಬಂತು. ಒಂದು ಉತ್ತರ ತಪ್ಪಾದರೆ ಇನ್ನೊಂದು ಹೇಳಬಹುದು. ಇವೆರಡೂ ಒಂದೇ ಪ್ರಶ್ನೆಯ ಮೇಲೆ ಕೂಡಿದರೆ ಮಸ್ಕಿಯ ಹೆಸರನ್ನೇ ಕೇಳದವನೂ ನೂರಕ್ಕೆ ನೂರು ಗೆಲ್ಲುತ್ತಾನೆ. ಅಮೆರಿಕದಲ್ಲಿ ಒಂದನ್ನು ತರುವಾಗ ಇನ್ನೊಂದನ್ನು ತೆಗೆದದ್ದು ಸರಿಯಾಗಿಯೇ ಇತ್ತು. ಸಹಾಯಗಳು ಹೆಚ್ಚಿದಷ್ಟೂ ಆಟ ರಂಗೇರುತ್ತದೆ, ಅರಿವಿನ ತೂಕ ಇಳಿಯುತ್ತದೆ.

ಇನ್ನೊಂದು ಬಗೆಯ ನಿಯಮವುಂಟು. 2007ರ ಆವೃತ್ತಿಯಲ್ಲಿ ಮನೆಯಲ್ಲಿ ಕುಳಿತವರಿಗೂ ಒಂದು ಸ್ಪರ್ಧೆಯಿಟ್ಟರು. ಉತ್ತರವನ್ನು ಮೊಬೈಲಿನಿಂದ ಎಸ್ಸೆಮ್ಮೆಸ್ ಕಳಿಸಬೇಕು, ಸರಿಯುತ್ತರ ಕೊಟ್ಟವರಲ್ಲಿ ಒಬ್ಬರನ್ನು ಚೀಟಿ ಎತ್ತಿದಂತೆ ಆರಿಸಬೇಕು. ಇದು ಗ್ರಾಹಕರ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. 2008ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ 1 ಕೋಟಿ ರೂಪಾಯಿಯ ದಂಡಪರಿಹಾರ ವಿಧಿಸಿತು, 2019ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಆದೇಶವನ್ನು ರದ್ದುಪಡಿಸಿತು. ಕಾನೂನಿನ ಮಾತು ಅಲ್ಲಿಗೆ ಮುಗಿಯಿತು. ಮೇಷ್ಟ್ರ ಮಾತು ಬೇರೆ. ಆ ದಿನಗಳಲ್ಲಿ ನನ್ನ ವಿದ್ಯಾರ್ಥಿಯೊಬ್ಬ, ‘ಸರ್, ಉತ್ತರಾ ಎಲ್ಲಾರಿಗೂ ಬರ್ತೈತ್ರಿ, ಇದು ಲಾಟ್ರಿ ಇದ್ಧಂಗ ಐತ್ರಿ’ ಎಂದಿದ್ದ. ಅರಿವನ್ನು ಅದೃಷ್ಟದ ಪಕ್ಕದಲ್ಲಿ ಕೂಡಿಸಿದರೆ ಮಕ್ಕಳು ಅದೃಷ್ಟದ ಕಡೆಗೇ ನೋಡುತ್ತಾರೆ.

ಎಲ್ಲ ಬದಲಾವಣೆಯೂ ಕೆಟ್ಟದ್ದೆಂದು ನಾನು ಹೇಳಿದರೆ ಅದು ಅನ್ಯಾಯ. ಗೆಳೆಯನಿಗೆ ಫೋನು ಮಾಡುವ ಸಹಾಯವನ್ನು ಅಮೆರಿಕದವರು 2010ರ ಜನವರಿಯಲ್ಲಿ ತೆಗೆದುಹಾಕಿದರು. ಆ ತುದಿಯ ಗೆಳೆಯ ತನ್ನ ನೆನಪನ್ನು ಬಿಟ್ಟು ಕಂಪ್ಯೂಟರನ್ನು ಕೇಳತೊಡಗಿದ್ದ. ನಮ್ಮಲ್ಲಿ 2017ರಲ್ಲಿ ಫೋನಿನ ಬದಲು ಗೆಳೆಯನ ಮುಖ ಕಾಣುವ ವೀಡಿಯೊ ಕರೆ ಬಂತು. 2020ರಲ್ಲಿ ಕೊರೋನಾ ಕಾರಣದಿಂದ ಸಭಿಕರೇ ಇಲ್ಲದಾಗ ಸಭಿಕರ ಮತವನ್ನು ಕೈಬಿಡಬೇಕಾಯಿತು. ಮೊದಲಿನವೆರಡು ಆಟದ ಪ್ರಾಮಾಣಿಕತೆಯನ್ನು ಕಾಯುವುದಕ್ಕೆ, ಕೊನೆಯದು ಅನಿವಾರ್ಯಕ್ಕೆ ಆದ ತಿದ್ದುಪಡಿಗಳು. ಇವುಗಳಿಂದ ಕಾರ್ಯಕ್ರಮ ಸೊರಗಲಿಲ್ಲ.

ಹಾಗಾದರೆ ಸೊರಗಿಸುವುದು ಯಾವುದು? ಬಾಗಿಲನ್ನು ಕಿರಿದು ಮಾಡುವುದು. ಬೆರಳಿನ ಪರೀಕ್ಷೆಯಲ್ಲಿ ಊರು, ಬಟ್ಟೆ, ಮಾತಿನ ಧಾಟಿ ಯಾವುದೂ ಲೆಕ್ಕಕ್ಕಿಲ್ಲ. ಗೆದ್ದವನು ಕುರ್ಚಿಗೆ ಹೋಗುತ್ತಾನೆ. ಅದನ್ನು ತೆಗೆದುಹಾಕಿದೊಡನೆ ಯಾರು ಕೂರಬೇಕೆಂಬ ಆಯ್ಕೆ ಪೂರ್ತಿಯಾಗಿ ತಯಾರಕರ ಕೈಗೆ ಹೋಗುತ್ತದೆ. ಆಗ ಚೆನ್ನಾಗಿ ಬಲ್ಲವನಿಗಿಂತ ಚೆನ್ನಾಗಿ ಅಳುವವನು, ನಗಿಸುವವನು, ಹೆಸರುಳ್ಳವನು ಮುಂದಾಗುತ್ತಾನೆ.

ಇದರ ಪೆಟ್ಟು ಹೇಗಿರುತ್ತದೆಂದು ನಾನು ಹತ್ತಿರದಿಂದ ಬಲ್ಲೆ. ಹಲವು ವರ್ಷಗಳ ಹಿಂದೆ ದೇವದುರ್ಗದ ಮೂವರು ಮಕ್ಕಳನ್ನು ರಾಯಚೂರು ನಗರದ ಒಂದು ಅಂತರಶಾಲಾ ಸ್ಪರ್ಧೆಗೆ ಕರೆತಂದಿದ್ದೆ. ಸರದಿಯ ಪ್ರಕಾರ ಪ್ರಶ್ನೆ, ಬರೆದು ಉತ್ತರ ಎಂದು ಸುತ್ತೋಲೆಯಲ್ಲಿತ್ತು. ವೇದಿಕೆಗೆ ಹೋದ ಮೇಲೆ, ಟಿ.ವಿ.ಯಲ್ಲಿ ಇರುವಂತೆ ಗುಂಡಿ ಒತ್ತುವ ಸುತ್ತು, ತಪ್ಪಿದರೆ ಅಂಕ ಕಡಿತ ಎಂದು ಘೋಷಿಸಿದರು. ನಮ್ಮ ಮಕ್ಕಳು ಅಂಥ ಗುಂಡಿಯನ್ನು ಕಂಡಿದ್ದೇ ಅಂದು. ಹರಿಕಥಾಮೃತಸಾರವನ್ನು ರಚಿಸಿದ, ಮಾನ್ವಿಯ ನಂಟಿನ ದಾಸರು ಯಾರು ಎಂಬ ಪ್ರಶ್ನೆ ಬಂತು. ನಮ್ಮ ಹುಡುಗಿಗೆ ಜಗನ್ನಾಥದಾಸರ ಹೆಸರಷ್ಟೇ ಅಲ್ಲ, ಮಾನ್ವಿ ತಾಲೂಕಿನ ಚೀಕಲಪರ್ವಿಯ ವಿಜಯದಾಸರು, ದೇವದುರ್ಗ ತಾಲೂಕಿನ ಮೊಸರಕಲ್ಲಿನ ಗೋಪಾಲದಾಸರು, ಹೀಗೆ ಆ ಪರಂಪರೆಯೇ ಗೊತ್ತಿತ್ತು. ಅವಳು ಉತ್ತರ ಹೇಳಲು ಎದ್ದು ನಿಂತಳು. ಆದರೆ ಗುಂಡಿ ಒತ್ತಿರಲಿಲ್ಲ. ಒತ್ತಿದ ತಂಡ ತಪ್ಪು ಹೇಳಿತು, ಪ್ರಶ್ನೆ ಸಭಿಕರ ಪಾಲಾಯಿತು. ಹಿಂದಿರುಗುವಾಗ ಬಸ್ಸಿನಲ್ಲಿ ಅವಳು ಕೇಳಿದ್ದು ಒಂದೇ: ‘ಸರ್, ನಂಗ ಗೊತ್ತಿತ್ತಲ್ರೀ?’ ನಗರದ ಮಕ್ಕಳ ಮೇಲೆ ನನಗೆ ಮುನಿಸಿಲ್ಲ. ಆದರೆ ವೇದಿಕೆಯ ಮೇಲೆ ನಿಯಮ ಬದಲಾಯಿಸಿದಾಗ ಸೋಲುವವರು ಯಾವಾಗಲೂ ದೂರದಿಂದ ಬಂದವರೇ.

ಕನ್ನಡದ ಎರಡು ಕಾರ್ಯಕ್ರಮಗಳನ್ನು ಇಲ್ಲಿ ಪಕ್ಕಪಕ್ಕದಲ್ಲಿ ಇಟ್ಟು ನೋಡಬಹುದು. 2012ರ ಮಾರ್ಚಿನಲ್ಲಿ ‘ಕನ್ನಡದ ಕೋಟ್ಯಾಧಿಪತಿ’ ಸುವರ್ಣ ವಾಹಿನಿಯಲ್ಲಿ ಆರಂಭವಾದಾಗ ಪುನೀತ್ ರಾಜ್‌ಕುಮಾರ್ ಅವರ ಸರಳ ನಡೆನುಡಿ ಎಲ್ಲರನ್ನೂ ಸೆಳೆಯಿತು. ಹಳ್ಳಿಯವರು ತಮ್ಮ ಭಾಷೆಯಲ್ಲೇ ಆ ಕುರ್ಚಿಯಲ್ಲಿ ಕುಳಿತದ್ದು ಸಣ್ಣ ಸಂಗತಿಯಲ್ಲ. 2018ರಲ್ಲಿ ರಮೇಶ್ ಅರವಿಂದ್ ಅವರೂ, 2019ರಲ್ಲಿ ಬೇರೊಂದು ವಾಹಿನಿಯಲ್ಲಿ ಮತ್ತೆ ಪುನೀತ್ ಅವರೂ ಅದನ್ನು ನಡೆಸಿಕೊಟ್ಟರು. ಆದರೂ ಮಾತು, ಹಾಡು, ತಾರೆಯರ ಆಟಗಳ ನಡುವೆ ಪ್ರಶ್ನೆಗೆ ಉಳಿಯುತ್ತಿದ್ದ ಜಾಗ ಕಿರಿದೆಂದೇ ನನಗೆ ಅನ್ನಿಸಿತು.

ಇನ್ನೊಂದು ‘ಥಟ್ ಅಂತ ಹೇಳಿ’. 2002ರ ಜನವರಿ 4ರಂದು ದೂರದರ್ಶನದ ಚಂದನ ವಾಹಿನಿಯಲ್ಲಿ ಹುಟ್ಟಿದ್ದು. ನಡೆಸಿಕೊಟ್ಟವರು ವೈದ್ಯರೂ ಲೇಖಕರೂ ಆದ ಡಾ. ನಾ. ಸೋಮೇಶ್ವರ. ಕೋಟಿಯಿಲ್ಲ, ಕಣ್ಣೀರಿಲ್ಲ. ಸರಿಯುತ್ತರಕ್ಕೆ ಪುಸ್ತಕವೇ ಬಹುಮಾನ. ಅದು 3,000ಕ್ಕೂ ಹೆಚ್ಚು ಕಂತುಗಳನ್ನು ದಾಟಿತು. ಪುಸ್ತಕದ ಬಹುಮಾನವೆಂಬ ಒಂದು ನಿಯಮದಲ್ಲೇ ಕಾರ್ಯಕ್ರಮದ ಉದ್ದೇಶವೆಲ್ಲ ಅಡಗಿದೆ: ಅರಿವಿಗೆ ಪ್ರತಿಫಲ ಇನ್ನಷ್ಟು ಅರಿವು. ಬಹುಮಾನವನ್ನು ಏರಿಸುತ್ತ ಹೋಗುವ ಚಪಲಕ್ಕೆ ಅಲ್ಲಿ ಎಡೆಯೇ ಇರಲಿಲ್ಲ. ಹೊಸ ನಿಯಮಗಳಿಂದ ಅಲ್ಲ, ಹೊಸ ಪ್ರಶ್ನೆಗಳಿಂದ ಅದು ದಿನದಿನವೂ ಹೊಸದಾಯಿತು.

ಆದ್ದರಿಂದ ನನ್ನ ಅಳತೆಗೋಲು ಇಷ್ಟೇ. ಹೊಸ ನಿಯಮ ಬಂದ ಮೇಲೆ ಬಲ್ಲವನಿಗೂ ಅರಿಯದವನಿಗೂ ಇರುವ ಅಂತರ ಉಳಿದಿದೆಯೇ? ಮನೆಯಲ್ಲಿ ಕುಳಿತ ಅಜ್ಜಿ, ಮೊಮ್ಮಗ ಇಬ್ಬರೂ ಇನ್ನೂ ಜೊತೆಗೆ ಆಡಬಲ್ಲರೇ? ದೂರದ ಊರಿನವನಿಗೆ ಬಾಗಿಲು ಮೊದಲಿನಷ್ಟೇ ಅಗಲವಾಗಿದೆಯೇ? ಮೂರಕ್ಕೂ ಹೌದೆಂದಾದರೆ ಧಾರಾಳವಾಗಿ ತಿದ್ದಲಿ. ಒಂದಕ್ಕೆ ಇಲ್ಲವೆಂದಾದರೂ, ಎಷ್ಟೇ ದೀಪ ಹಚ್ಚಲಿ, ವಾದ್ಯ ಬಾರಿಸಲಿ, ಕಾರ್ಯಕ್ರಮ ಸೊರಗುವುದು ಖಂಡಿತ.

ವಾಹಿನಿಗಳವರು ಈ ಮೇಷ್ಟ್ರ ಮಾತನ್ನು ಕೇಳುತ್ತಾರೆಂಬ ಭ್ರಮೆ ನನಗಿಲ್ಲ. ಆದರೆ ನಿಮ್ಮಲ್ಲಿ ಅನೇಕರು ಇಂದು ಶಿಕ್ಷಕರಾಗಿದ್ದೀರಿ. ದೇವದುರ್ಗ, ಮಾನ್ವಿಯ ಶಾಲೆಗಳಲ್ಲೇ ಕೆಲವರಿದ್ದೀರಿ. ಶಾಲೆಯಲ್ಲಿ ರಸಪ್ರಶ್ನೆ ನಡೆಸುವಾಗ ನಿಯಮಗಳನ್ನು ಒಂದು ವಾರ ಮೊದಲೇ ಫಲಕದ ಮೇಲೆ ಬರೆದು ಹಾಕಿರಿ. ಬರೆದದ್ದನ್ನು ವೇದಿಕೆಯ ಮೇಲೆ ಅಳಿಸಬೇಡಿರಿ. ಮೊದಲ ಪ್ರಶ್ನೆ ಕೊನೆಯ ಬೆಂಚಿನವನಿಗೂ ಬರುವಂತಿರಲಿ. ಯೋಚಿಸಲು ಹೊತ್ತು ಕೊಡಿರಿ. ಗೆದ್ದವರಿಗೆ ಸ್ಟೀಲಿನ ಡಬ್ಬಿಯ ಬದಲು ಒಂದು ಪುಸ್ತಕ ಕೊಡಿರಿ; ಅದನ್ನು ಓದಿ ಮುಗಿಸಿದ ಮಗು ಮುಂದಿನ ವರ್ಷ ನಿಮಗೇ ಪ್ರಶ್ನೆ ಕೇಳೀತು.