ಬೇಡವೆಂದವನೂ ಜೊತೆಗೆ ನಡೆದನು



ಮನೆಮಂದಿಯೆಲ್ಲ ಒಂದು ಕಾರ್ಯಕ್ಕೆ ಉತ್ಸಾಹದಿಂದ ಅಣಿಯಾಗಿರುವಾಗ ಒಬ್ಬರು ‘ಈಗ ಬೇಡ, ತುಸು ತಾಳಿರಿ’ ಎಂದರೆ ಆ ಮಾತು ನಮಗೆ ಅಪಶಕುನದಂತೆ ಕೇಳಿಸುತ್ತದೆ. ಹೇಳಿದವರ ಕಾಳಜಿ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಅಂತಹ ಒಂದು ಮಾತನ್ನು ಕಡೆಗಣಿಸಿ ಕಷ್ಟಕ್ಕೊಳಗಾದ ಜನರ ವೃತ್ತಾಂತವನ್ನು ಈ ಸಂಚಿಕೆಯಲ್ಲಿ ನಿವೇದಿಸಬಯಸುತ್ತೇವೆ. ಇದು ಅಮೆರಿಕದ ಮಾರ್ಮನ್ ಸಮುದಾಯದ ಆರಂಭಕಾಲದಲ್ಲಿ ನಡೆದುದು.

ಜೋಸೆಫ್ ಸ್ಮಿತ್ ಎಂಬುವರು 1830ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಈ ಪಂಥವನ್ನು ಸ್ಥಾಪಿಸಿದರು. ಹೋದೆಡೆಯಲ್ಲೆಲ್ಲ ನೆರೆಹೊರೆಯವರೊಡನೆ ವೈಮನಸ್ಸು ಬೆಳೆಯಿತು. 1844ರಲ್ಲಿ ಉದ್ರಿಕ್ತ ಗುಂಪೊಂದು ಸೆರೆಮನೆಗೆ ನುಗ್ಗಿ ಸ್ಮಿತ್ ಅವರನ್ನು ಕೊಂದಿತು. ಬ್ರಿಗಮ್ ಯಂಗ್ ಅವರ ಮುಂದಾಳುತನದಲ್ಲಿ ಅನುಯಾಯಿಗಳು ಪಶ್ಚಿಮಕ್ಕೆ ಹೊರಟು, 1847ರಲ್ಲಿ ಸಾಲ್ಟ್ ಲೇಕ್ ಕಣಿವೆಯನ್ನು ತಲುಪಿ, ಆ ಒಣನೆಲಕ್ಕೆ ಕಾಲುವೆ ತೋಡಿ ಬೇಸಾಯ ಮಾಡತೊಡಗಿದರು. ಇಂಗ್ಲೆಂಡ್ ಮೊದಲಾದ ದೇಶಗಳಲ್ಲಿದ್ದ ಬಡ ಅನುಯಾಯಿಗಳನ್ನು ಕರೆತರಲು 1849ರಲ್ಲಿ ಒಂದು ನಿಧಿಯನ್ನೂ ಸ್ಥಾಪಿಸಿದರು. ನೆರವು ಪಡೆದವರು ನೆಲೆಗೊಂಡ ಬಳಿಕ ಹಣವನ್ನು ಮರಳಿಸಬೇಕು. ಅದು ಮತ್ತೊಬ್ಬರ ಪ್ರಯಾಣಕ್ಕೆ ಒದಗಬೇಕು.

1855ರಲ್ಲಿ ಮಿಡತೆಗಳ ಹಾವಳಿಯಿಂದ ಕಣಿವೆಯ ಬೆಳೆ ಹಾಳಾಯಿತು. ನಿಧಿಯೂ ಬರಿದಾಗತೊಡಗಿತು. ಎತ್ತಿನ ಬಂಡಿಗಳಿಗೆ ಹೆಚ್ಚು ಹಣ ಬೇಕಾದುದರಿಂದ, ಜನರೇ ಎಳೆದು ಸಾಗಿಸುವ ಕೈಗಾಡಿಗಳ ಯೋಜನೆಯನ್ನು ಯಂಗ್ ರೂಪಿಸಿದರು. ಅಯೋವಾ ಸಿಟಿಯಿಂದ ಸುಮಾರು 1,300 ಮೈಲಿಗಳ ನಡಿಗೆ. ಒಂದು ಗಾಡಿಗೆ ಐವರು, ಒಂದು ಡೇರೆಗೆ ಇಪ್ಪತ್ತು ಮಂದಿ. ಹಾಸಿಗೆ, ಬಟ್ಟೆ, ಪಾತ್ರೆ ಎಲ್ಲವೂ ಸೇರಿ ತಲೆಗೆ 17 ಪೌಂಡ್, ಎಂದರೆ ಎಂಟು ಕಿಲೋದಷ್ಟು ಮಾತ್ರ ಸಾಮಾನು. ಮುಂಜಾನೆ ಪ್ರಾರ್ಥನೆ, ದಿನವಿಡೀ ಗಾಡಿ ಎಳೆಯುವುದು, ಸಂಜೆ ಸೌದೆ ಆಯ್ದು ಅಳತೆಯ ಹಿಟ್ಟಿನಲ್ಲಿ ರೊಟ್ಟಿ ಸುಡುವುದು: ಇದೇ ಅವರ ದಿನಚರಿ.

1856ರಲ್ಲಿ ಹೊರಟ ಮೊದಲ ಮೂರು ತಂಡಗಳು ಚಳಿಗಾಲಕ್ಕೆ ಮುನ್ನವೇ ಊರು ಸೇರಿದವು. ಆದರೆ ಕೊನೆಯ ಎರಡು ತಂಡಗಳ ಹಡಗುಗಳು ತಡವಾದವು. ಅವರು ಬಂದಿಳಿದಾಗ ಗಾಡಿಗಳೂ ಸಿದ್ಧವಿರಲಿಲ್ಲ. ಆಗಸ್ಟ್ ತಿಂಗಳಲ್ಲಿ, ದಾರಿಯ ಬಹುಭಾಗ ಇನ್ನೂ ಮುಂದಿರುವಾಗ, ಫ್ಲಾರೆನ್ಸ್ ಎಂಬ ಊರಿನಲ್ಲಿ ಸಭೆ ಕೂಡಿತು. ಅಲ್ಲಿದ್ದವರಲ್ಲಿ ಲೀವೈ ಸ್ಯಾವೇಜ್ ಎಂಬಾತ ಬರ್ಮಾದೇಶದಲ್ಲಿ ಮತಪ್ರಚಾರ ಮಾಡಿ ಮರಳುತ್ತಿದ್ದವನು. ಮುದುಕರನ್ನೂ ಮಕ್ಕಳನ್ನೂ ಕಟ್ಟಿಕೊಂಡು ಇಷ್ಟು ತಡವಾಗಿ ಬೆಟ್ಟ ದಾಟಹೊರಟರೆ ಹಿಮಕ್ಕೆ ಸಿಲುಕಿ ಅನೇಕರು ಸಾಯುವರೆಂದು ಆತ ಎಚ್ಚರಿಸಿದನು. ಉಳಿದ ಮುಖಂಡರು ಅದನ್ನು ಶ್ರದ್ಧೆಯ ಕೊರತೆಯೆಂದು ಬಗೆದರು. ಬಹುಮತ ಪ್ರಯಾಣದ ಪರವಾಯಿತು. ಆಗ ಸ್ಯಾವೇಜ್ ಮುನಿಸಿಕೊಂಡು ಹಿಂದುಳಿಯಲಿಲ್ಲ. ನೀವು ಹೋಗುವುದೇ ನಿಶ್ಚಯವಾದರೆ ನಾನೂ ಬರುವೆನು, ನಿಮ್ಮ ಕಷ್ಟದಲ್ಲಿ ಪಾಲುಗೊಳ್ಳುವೆನು ಎಂಬ ನಿಲುವು ತಳೆದು ಅವರೊಡನೆ ನಡೆದನು.

ಹಸಿ ಮರದ ಗಾಡಿಗಳು ಒಣಹವೆಗೆ ಬಿರಿದವು. ಹಿಟ್ಟಿನ ಅಳತೆ ದಿನದಿನಕ್ಕೆ ಇಳಿಯಿತು. ಅಕ್ಟೋಬರ್ 19ರಂದು ಹಿಮಗಾಳಿ ಬೀಸಿತು. ರಾಕ್ ಕ್ರೀಕ್ ಎಂಬಲ್ಲಿ ಒಂದೇ ಗುಂಡಿಯಲ್ಲಿ 13 ಜನರನ್ನು ಮಣ್ಣು ಮಾಡಬೇಕಾಯಿತು. ಎರಡು ತಂಡಗಳ ಸುಮಾರು ಸಾವಿರ ಜನರಲ್ಲಿ 200ಕ್ಕೂ ಹೆಚ್ಚು ಮಂದಿ ದಾರಿಯಲ್ಲೇ ಅಸುನೀಗಿದರು. ಸ್ಯಾವೇಜ್ ಬದುಕುಳಿದನು.

ಇವರಿನ್ನೂ ದಾರಿಯಲ್ಲಿದ್ದಾರೆಂಬ ಸುದ್ದಿ ಅಕ್ಟೋಬರ್ 4ರಂದು ಸಾಲ್ಟ್ ಲೇಕ್ ನಗರವನ್ನು ಮುಟ್ಟಿತು. ಮರುದಿನದ ಧಾರ್ಮಿಕ ಸಭೆಯಲ್ಲಿ ಯಂಗ್ ಅವರು ಉಪದೇಶವನ್ನು ಬದಿಗಿಟ್ಟು ಹೇಸರಗತ್ತೆ, ಬಂಡಿ, ಹಿಟ್ಟುಗಳನ್ನು ಕೇಳಿದರು. ಹೆಂಗಸರು ಕುಳಿತಲ್ಲೇ ತಮ್ಮ ಕಾಲುಚೀಲ, ಒಳಲಂಗಗಳನ್ನು ಕಳಚಿ ಕೊಟ್ಟರೆಂದು ಅಲ್ಲಿದ್ದ ಮಹಿಳೆಯೊಬ್ಬರು ಬರೆದಿಟ್ಟಿದ್ದಾರೆ. ಅಕ್ಟೋಬರ್ 7ರಂದು ಮೊದಲ ಬಂಡಿಗಳು ಹೊರಟವು. ನವೆಂಬರ್ 30ರ ಭಾನುವಾರ ಕೊನೆಯ ತಂಡ ಬರುವುದಿತ್ತು. ಅಂದು ಯಂಗ್ ಅವರು ಮಧ್ಯಾಹ್ನದ ಸಭೆಯನ್ನೇ ಕೈಬಿಟ್ಟು, ಮನೆಗೆ ಹೋಗಿ ಬಂದವರಿಗೆ ಉಣಲಿಕ್ಕಿ ಆರೈಕೆ ಮಾಡಿರೆಂದು ಹೆಂಗಸರಿಗೆ ಹೇಳಿದರು. ಪ್ರಾರ್ಥನೆ ಒಳ್ಳೆಯದೇ, ಆದರೆ ಹಸಿದವರಿಗೆ ಬೇಕಾದ ಆಲೂಗಡ್ಡೆ, ಹಾಲುಗಳ ಸ್ಥಾನವನ್ನು ಅದು ತುಂಬಲಾರದು ಎಂಬುದು ಅವರ ಮಾತಿನ ತಾತ್ಪರ್ಯ.

ಅನ್ನವಿಕ್ಕಿದ ಆ ಕೈಗಳನ್ನು ನಾವು ಮನಸಾರೆ ಮೆಚ್ಚುತ್ತೇವೆ. ಆದರೆ ಆಗಸ್ಟ್ ತಿಂಗಳಲ್ಲಿ ಒಬ್ಬನ ಮಾತಿಗೆ ಕಿವಿಗೊಟ್ಟಿದ್ದರೆ ಆ ಗುಂಡಿಯನ್ನು ತೋಡುವ ಪ್ರಸಂಗವೇ ಬರುತ್ತಿರಲಿಲ್ಲವಲ್ಲ ಎಂಬ ನೋವೂ ನಮ್ಮನ್ನು ಕಾಡುತ್ತದೆ. ಎಚ್ಚರಿಕೆ ಹೇಳುವವನು ಶ್ರದ್ಧೆಯಿಲ್ಲದವನಲ್ಲ. ಹಾಗೆಯೇ ತನ್ನ ಮಾತು ನಡೆಯದಾಗ ಮುಖ ತಿರುಗಿಸುವುದು ಜಾಣತನವೂ ಅಲ್ಲ. ನಮ್ಮ ಮನೆಗಳಲ್ಲಿ ‘ಬೇಡ’ ಎನ್ನುವವರ ಮಾತನ್ನು ಪೂರ್ತಿ ಕೇಳೋಣ. ‘ಬೇಡ’ ಎನ್ನಬೇಕಾದ ಸರದಿ ನಮಗೇ ಬಂದರೆ ನಿರ್ಭಯವಾಗಿ ಹೇಳೋಣ; ಆಮೇಲೆ ನಮ್ಮವರ ಗಾಡಿಗೆ ಹೆಗಲೂ ಕೊಡೋಣ.